ಹೊಸ ಹಾಕಿ ತಂಡ ಕಟ್ಟುವ ಕಷ್ಟ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದವರಿಗೆ ಹರಾಜೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಬೆಳಗ್ಗೆ ರೈತ ತನ್ನ ಗೂಡನ್ನು ತಂದು ಸುರಿಯುತ್ತಾನೆ. ರೀಲರ್ ಬಂದು ನಾಲ್ಕು ಗೂಡನ್ನು ಕೈಯಲ್ಲಿ ಹಿಡಿದು, ಬೆರಳಲ್ಲಿ ಅದುಮಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾನೆ. ಆಮೇಲೆ ಬೆಲೆ ಹೇಳುತ್ತಾನೆ. ಮೊದಲು ಬಾಯಲ್ಲಿ ಕೂಗುತ್ತಿದ್ದರು. ಈಗ ಮೊಬೈಲಿನ ಮೇಲೆ ಬೆರಳೊತ್ತುತ್ತಾರೆ. ಅಷ್ಟೇ ವ್ಯತ್ಯಾಸ.

2024ರ ಅಕ್ಟೋಬರ್ ತಿಂಗಳಲ್ಲಿ ಒಂದು ದಿನ ಆ ಮಾರುಕಟ್ಟೆಯ ಎದುರಿನ ಚಹಾ ಅಂಗಡಿಯಲ್ಲಿ ಕುಳಿತಿದ್ದೆ. ಜೊತೆಯಲ್ಲಿ ನಮ್ಮ ಕಳವಾರದ ಕಡೆಯ ಒಬ್ಬ ರೈತರು. ಅವರ ಕೈಯಲ್ಲಿ ಪತ್ರಿಕೆ. ಓದುತ್ತ ಓದುತ್ತ ತಲೆಯೆತ್ತಿ ಕೇಳಿದರು: "ಮೇಷ್ಟ್ರೇ, ಗೂಡು ಹರಾಜು ಹಾಕೋದು ಸರಿ. ಇಲ್ಲಿ ನೋಡಿ, ಹಾಕಿ ಆಡೋ ಆಳುಗಳನ್ನೇ ಹರಾಜು ಹಾಕವ್ರಂತೆ. ಒಬ್ಬನಿಗೆ ಎಪ್ಪತ್ತೆಂಟು ಲಕ್ಷವಂತೆ! ಆಳನ್ನ ಹೆಂಗೆ ಅದುಮಿ ನೋಡ್ತಾರೆ?"

ನಾನು ನಕ್ಕುಬಿಟ್ಟೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿಜ, ಆಳನ್ನು ಹೇಗೆ ಅದುಮಿ ನೋಡುತ್ತಾರೆ? ಹಣವುಳ್ಳವನೊಬ್ಬ ಇಂದು ಹೊಸದಾಗಿ ಒಂದು ಹಾಕಿ ತಂಡವನ್ನು ಕಟ್ಟಲು ಹೊರಟರೆ ಅವನ ಕಷ್ಟಗಳೇನು? ಅದರಲ್ಲೂ, ಹಾಕಿಗೆ ಇಷ್ಟೊಂದು ಆಟಗಾರರನ್ನು ಕೊಟ್ಟ ನಮ್ಮ ಕರ್ನಾಟಕದ ಹೆಸರಿನಲ್ಲಿ ಅಂಥ ಒಂದು ತಂಡ ಏಳಬೇಕಾದರೆ ಎಲ್ಲಿಂದ ಆರಂಭಿಸಬೇಕು? ಇದನ್ನೇ ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ನಗರದ ಅಥವಾ ರಾಜ್ಯದ ಹೆಸರಿನಲ್ಲಿ ತಂಡಗಳನ್ನು ನಿಲ್ಲಿಸಿ, ಅವುಗಳೊಳಗೆ ಪಂದ್ಯಗಳನ್ನು ಏರ್ಪಡಿಸುವ ಪ್ರೀಮಿಯರ್ ಹಾಕಿ ಲೀಗ್ ಭಾರತದ ಹಾಕಿಯಲ್ಲಿ 2005ರಲ್ಲಿ ಶುರುವಾಯಿತು. ಅದರಲ್ಲಿ ಬೆಂಗಳೂರಿನ ತಂಡಕ್ಕೆ ಒಳ್ಳೆಯ ಹೆಸರಿತ್ತು. 2006ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಅದು ಪ್ರಶಸ್ತಿಯನ್ನು ಗೆದ್ದಿತು. 2008ಕ್ಕೆ ಆ ಲೀಗು ನಿಂತಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಎಂಬುದು ಬಂತು. ಎಂಟು ತಂಡಗಳಲ್ಲಿ ನಮ್ಮ ಕರ್ನಾಟಕ ಲಯನ್ಸ್ ಒಂದು. ಅರ್ಜುನ್ ಹಾಲಪ್ಪ ನಾಯಕ, ಜೂಡ್ ಫೆಲಿಕ್ಸ್ ತರಬೇತಿದಾರ. ತಂಡ ಸೆಮಿಫೈನಲ್ ತನಕ ಹೋಯಿತು. ಆ ಪಂದ್ಯಾವಳಿ ಒಂದೇ ವರ್ಷಕ್ಕೆ ಮುಗಿಯಿತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂತು. 2017ರವರೆಗೆ ನಡೆದು, ಏಳು ವರ್ಷ ಮಲಗಿ, 2024ರ ಡಿಸೆಂಬರಿನಲ್ಲಿ ಮತ್ತೆ ಎದ್ದಿತು. 2013ರಿಂದ 2017ರವರೆಗಿನ ಐದು ವರ್ಷಗಳಲ್ಲಾಗಲಿ, ಮತ್ತೆ ಎದ್ದ ಆ ವರ್ಷದ ಎಂಟು ತಂಡಗಳಲ್ಲಾಗಲಿ ಕರ್ನಾಟಕದ್ದೆಂಬ ತಂಡ ಇರಲಿಲ್ಲ. ನೆರೆಯ ತಮಿಳುನಾಡಿಗೆ ಒಂದು, ಹೈದರಾಬಾದಿಗೆ ಒಂದು, ವಿಶಾಖಪಟ್ಟಣಕ್ಕೂ ಒಂದು. ನಮಗೆ ಇಲ್ಲ.

ತಂಡವಿಲ್ಲದಿದ್ದರೂ ನಮ್ಮ ಆಟಗಾರರು ಸುಮ್ಮನೆ ಕೂರಲಿಲ್ಲ. 2013ರ ಲೀಗಿನ ಹರಾಜಿನಲ್ಲಿ ಕೊಡಗಿನ ವಿ. ಆರ್. ರಘುನಾಥರನ್ನು ಉತ್ತರ ಪ್ರದೇಶದ ತಂಡ 76,000 ಡಾಲರಿಗೆ ಕೊಂಡು ನಾಯಕನನ್ನಾಗಿ ಮಾಡಿತು. ಸೋಮವಾರಪೇಟೆಯ ಎಸ್. ವಿ. ಸುನೀಲ್ ಪಂಜಾಬಿನ ತಂಡಕ್ಕೆ ಆಡಿದರು. ನಮ್ಮ ತೋಟದ ಹೂವು ಬೇರೆ ಊರಿನ ದೇವರ ಮುಡಿಗೇರಿದ ಹಾಗಾಯಿತು. ಏರಲಿ, ಸಂತೋಷವೇ. ಆದರೆ ತೋಟ ಬಾಡದಂತೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ತಂಡ ಕಟ್ಟುವವನ ಮೊದಲನೆಯ ಕಷ್ಟ: ಲೆಕ್ಕ. 2024ರಲ್ಲಿ ಪುರುಷರ ಪ್ರತಿಯೊಂದು ತಂಡಕ್ಕೂ ಆಟಗಾರರನ್ನು ಕೊಳ್ಳಲು ಇದ್ದ ಹಣದ ಮಿತಿ 4 ಕೋಟಿ ರೂಪಾಯಿ. ಅದರಲ್ಲಿ 24 ಜನರನ್ನು ತೆಗೆದುಕೊಳ್ಳಬೇಕಿತ್ತು. ಸರಾಸರಿ ತಲೆಗೆ ಸುಮಾರು ಹದಿನಾರೂವರೆ ಲಕ್ಷ. ಆ ರೈತರು ಪತ್ರಿಕೆಯಲ್ಲಿ ಓದಿದ 78 ಲಕ್ಷ ಆಗ ಭಾರತ ತಂಡದ ನಾಯಕರಾಗಿದ್ದ ಹರ್ಮನ್‌ಪ್ರೀತ್ ಸಿಂಗರಿಗೆ ಸೂರ್ಮಾ ತಂಡ ಕೊಟ್ಟದ್ದು. ಒಬ್ಬನಿಗೆ 78 ಲಕ್ಷ ಕೊಟ್ಟ ಮೇಲೆ ಉಳಿದ 23 ಜನರಿಗೆ 3 ಕೋಟಿ 22 ಲಕ್ಷ. ತಲೆಗೆ 14 ಲಕ್ಷ. ಅಂಥವರನ್ನು ಇಬ್ಬರನ್ನು ಕೊಂಡರೆ ಉಳಿದ 22 ಜನರಿಗೆ ತಲೆಗೆ 11 ಲಕ್ಷ. ಮೂವರನ್ನು ಕೊಂಡರೆ 21 ಜನರಿಗೆ ತಲೆಗೆ 8 ಲಕ್ಷವೂ ಬರುವುದಿಲ್ಲ. ಮದುವೆಯ ಮನೆಯಲ್ಲಿ ಚಪ್ಪರಕ್ಕೇ ಹಣವೆಲ್ಲ ಸುರಿದು, ಊಟಕ್ಕೆ ಅಕ್ಕಿ ಸಾಲದೆ ಒದ್ದಾಡುವವರನ್ನು ನಾವು ಕಂಡಿಲ್ಲವೇ? ಇದೂ ಹಾಗೆಯೇ.

ಹಾಗೆಂದು ದೊಡ್ಡ ಆಟಗಾರನಿಗೆ ಹಣ ಕೊಡುವುದು ದಡ್ಡತನವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಕಾರಣವಿದೆ, ಆ ಕಾರಣವೇ ಎರಡನೆಯ ಕಷ್ಟ. ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಎಂಬುದೊಂದಿದೆ. ಗೋಲಿನ ಕಂಬದಿಂದ ಹತ್ತು ಮೀಟರು ದೂರದಲ್ಲಿ, ಹಿಂದಿನ ಗೆರೆಯ ಮೇಲಿಂದ ಒಬ್ಬ ಚೆಂಡನ್ನು ತಳ್ಳುತ್ತಾನೆ. ವೃತ್ತದ ಅಂಚಿನಲ್ಲಿ ಒಬ್ಬ ಅದನ್ನು ನಿಲ್ಲಿಸುತ್ತಾನೆ. ಮೂರನೆಯವನು ಗೋಲಿನತ್ತ ಕಳುಹಿಸುತ್ತಾನೆ. ಎದುರು ತಂಡದಲ್ಲಿ ಗೋಲ್‌ಕೀಪರನೂ ಸೇರಿ ಐದೇ ಜನ ಕಾಯಬಹುದು. ಉಳಿದವರು ಮೈದಾನದ ನಡುಗೆರೆಯ ಆಚೆಗೆ ನಿಲ್ಲಬೇಕು. ಕೋಲನ್ನು ಬೀಸಿ ಹೊಡೆಯುವ ಮೊದಲ ಹೊಡೆತ ಗೋಲಿನ ಹಲಗೆಯ ಎತ್ತರವನ್ನು, ಅಂದರೆ ಸುಮಾರು ಒಂದೂವರೆ ಅಡಿಯನ್ನು, ಮೀರಬಾರದು. ಆದರೆ ಚೆಂಡನ್ನು ಕೋಲಿಗೆ ಅಂಟಿಸಿಕೊಂಡೇ ಎಳೆದು ಎಸೆದರೆ ಆ ಮಿತಿ ಇಲ್ಲ. ಇದೇ ಡ್ರ್ಯಾಗ್ ಫ್ಲಿಕ್. ಈ ವಿದ್ಯೆಯನ್ನು ಪಳಗಿಸಿಕೊಂಡವನು ತಂಡಕ್ಕೊಬ್ಬ ಇದ್ದರೆ ಅರ್ಧ ಗೋಲುಗಳು ಅವನ ಕೋಲಿನಿಂದಲೇ ಬರಬಹುದು. 2025ರ ಫೆಬ್ರವರಿ 1ರಂದು ರೂರ್ಕೆಲಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬಂಗಾಳದ ತಂಡ ಹೈದರಾಬಾದನ್ನು 4-3ರಿಂದ ಸೋಲಿಸಿತಲ್ಲ, ಆ ನಾಲ್ಕರಲ್ಲಿ ಮೂರು ಗೋಲು ಜುಗರಾಜ್ ಸಿಂಗರವು. ಅವರೂ ಡ್ರ್ಯಾಗ್ ಫ್ಲಿಕ್ಕಿನ ಪರಿಣತರೇ.

ಹಾಗಾದರೆ ಒಳ್ಳೆಯ ಡ್ರ್ಯಾಗ್ ಫ್ಲಿಕ್ಕರನನ್ನು ಕೊಂಡರೆ ಗೆದ್ದಂತೆಯೋ? ಇಲ್ಲ. 2013ರ ಮುಂಬಯಿ ತಂಡವನ್ನು ನೋಡಿ. ಆ ವರ್ಷ ಇಡೀ ಲೀಗಿನಲ್ಲಿ ಅತ್ಯಂತ ಹೆಚ್ಚು ಗೋಲು ಹೊಡೆದ ಸಂದೀಪ್ ಸಿಂಗ್ ಆ ತಂಡದಲ್ಲಿದ್ದರು. ತರಬೇತಿದಾರರು ಆಸ್ಟ್ರೇಲಿಯದ ರಿಕ್ ಚಾರ್ಲ್ಸ್‌ವರ್ತ್, ಜಗತ್ತಿನಲ್ಲೇ ಹೆಸರಾದವರು. ಆದರೂ ಆ ತಂಡ ಐದರಲ್ಲಿ ಐದನೆಯದಾಯಿತು. ಮುಂದೆ ಗೋಲು ಹೊಡೆಯುವವನಿದ್ದು, ಹಿಂದೆ ತಡೆಯುವವರು, ನಡುವೆ ಚೆಂಡನ್ನು ಸಾಗಿಸುವವರು ಒಗ್ಗೂಡದಿದ್ದರೆ ಫಲವಿಲ್ಲ. ತೂತು ಬಿದ್ದ ಕೊಳಗಕ್ಕೆ ಎಷ್ಟು ಸುರಿದರೇನು?

ಇನ್ನೊಂದು ಉದಾಹರಣೆ ಇದಕ್ಕೆ ತದ್ವಿರುದ್ಧ. 2015ರಲ್ಲಿ ರಾಂಚಿ ರೇಸ್ ಎಂಬ ಹೊಸ ತಂಡ ಹುಟ್ಟಿತು. ಹುಟ್ಟಿದ ವರ್ಷವೇ ಪ್ರಶಸ್ತಿಯನ್ನು ಗೆದ್ದಿತು. ಇದೇನು ಪವಾಡವೇ? ಅಲ್ಲ. 2013ರಲ್ಲಿ ಗೆದ್ದಿದ್ದ ರಾಂಚಿಯ ಹಳೆಯ ತಂಡ ಮುಚ್ಚಿಹೋಗಿತ್ತು. ಅದರಲ್ಲಿ ಆಡಿದ್ದ ಮನ್‌ಪ್ರೀತ್ ಸಿಂಗ್, ಬೀರೇಂದ್ರ ಲಾಕ್ರಾ, ಇಂಗ್ಲೆಂಡಿನ ಆಶ್ಲಿ ಜಾಕ್ಸನ್ ಮುಂತಾದವರು ಹೊಸ ತಂಡಕ್ಕೂ ಬಂದರು. ಹೆಸರು ಹೊಸದು, ಧಣಿಗಳು ಹೊಸಬರು. ಆದರೆ ಒಬ್ಬರ ಓಟ ಇನ್ನೊಬ್ಬರಿಗೆ ಗೊತ್ತಿತ್ತು. ಚೆಂಡು ಎಲ್ಲಿ ಬೀಳುತ್ತದೆಂದು ನೋಡದೆಯೇ ತಿಳಿಯುವಷ್ಟು ಪರಿಚಯವಿತ್ತು.

ಇಲ್ಲಿಗೆ ಮೂರನೆಯ ಕಷ್ಟಕ್ಕೆ ಬಂದೆವು: ಹೊಂದಿಕೆ. ಮತ್ತೆ ನಮ್ಮ ಶಿಡ್ಲಘಟ್ಟಕ್ಕೇ ಹೋಗೋಣ. ಬಿಚ್ಚಾಣಿಕೆ ಮಾಡುವವನು ಒಂದೇ ಗೂಡಿನಿಂದ ನೂಲು ತೆಗೆಯುವುದಿಲ್ಲ. ಹಲವು ಗೂಡುಗಳ ಎಳೆಗಳನ್ನು ಬಿಸಿನೀರಿನಲ್ಲಿ ಹಿಡಿದು ಒಂದು ನೂಲಾಗಿ ಎಳೆಯುತ್ತಾನೆ. ಅದಕ್ಕೆಂದೇ ಅವನು ಅತಿ ದೊಡ್ಡ ಗೂಡು ಯಾವುದೆಂದು ಹುಡುಕುವುದಿಲ್ಲ. ಎಲ್ಲವೂ ಒಟ್ಟಿಗೆ ಬಿಚ್ಚಿಕೊಳ್ಳುವ ಲಾಟು ಯಾವುದೆಂದು ನೋಡುತ್ತಾನೆ. ಒಂದು ಗೂಡು ದಪ್ಪ, ಒಂದು ತೆಳು, ಒಂದು ಕರೆಗಟ್ಟಿದ್ದು ಎಂದಾದರೆ ನಡುನಡುವೆ ಎಳೆ ಕಡಿಯುತ್ತದೆ. ಹಾಕಿಯ ಹರಾಜಿನಲ್ಲಿ ತಂಡ ಕಟ್ಟುವವನಿಗೆ ಈ ಸ್ವಾತಂತ್ರ್ಯವೂ ಪೂರ್ತಿ ಇಲ್ಲ. 2024ರ ನಿಯಮದಂತೆ 24 ಜನರಲ್ಲಿ ಕನಿಷ್ಠ 16 ಭಾರತೀಯರಿರಬೇಕಿತ್ತು. ಆ ಹದಿನಾರರಲ್ಲಿ ನಾಲ್ವರಾದರೂ ಕಿರಿಯರಿರಬೇಕಿತ್ತು. 8 ಜನ ವಿದೇಶೀಯರು. ಪಂಜಾಬಿನವನು, ಮಣಿಪುರದವನು, ಒಡಿಶಾದವನು, ಜರ್ಮನಿಯವನು, ಅರ್ಜೆಂಟೀನಾದವನು ಒಂದೇ ಕೋಣೆಯಲ್ಲಿ ಸೇರುತ್ತಾರೆ. ಕೆಲವೇ ದಿನಗಳಲ್ಲಿ ಪಂದ್ಯಗಳು ಶುರು. ಅಷ್ಟರೊಳಗೆ ಅವರ ನಡುವೆ ಒಂದು ಭಾಷೆ ಹುಟ್ಟಬೇಕು. ಬಾಯಿಯ ಭಾಷೆಯಲ್ಲ, ಕೋಲಿನ ಭಾಷೆ.

ಆಡುವವರು ಹನ್ನೊಂದೇ ಜನ, ಇಪ್ಪತ್ತನಾಲ್ಕು ಏಕೆ ಎಂದು ತಾವು ಕೇಳಬಹುದು. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಬದಲಾಯಿಸಬಹುದು. ಹದಿನೈದು ಹದಿನೈದು ನಿಮಿಷದ ನಾಲ್ಕು ಭಾಗಗಳ ಆಟದಲ್ಲಿ ಮುಂದಿನ ಸಾಲಿನವನು ಕೆಲವೇ ನಿಮಿಷ ಪ್ರಾಣ ಬಿಟ್ಟು ಓಡಿ ಹೊರಗೆ ಬಂದು ಉಸಿರೆಳೆದುಕೊಂಡು ಮತ್ತೆ ಹೋಗುತ್ತಾನೆ. ಆದ್ದರಿಂದ ಬೆಂಚಿನ ಮೇಲೆ ಕುಳಿತವನು ಉಪ್ಪಿನಕಾಯಿಯಂತಲ್ಲ; ಅವನೂ ಅನ್ನವೇ. ಕಡಿಮೆ ಮೂಲಬೆಲೆಯ ಹುಡುಗರಲ್ಲಿ ಯಾರು ಅಂಥವರೆಂದು ಗುರುತಿಸುವವನೇ ನಿಜವಾದ ಪರೀಕ್ಷಕ. ದೊಡ್ಡ ಆಟಗಾರ ದೊಡ್ಡವನೆಂದು ಎಲ್ಲರಿಗೂ ಗೊತ್ತು. ಅದಕ್ಕೆ ಹಣ ಸಾಕು, ಕಣ್ಣು ಬೇಡ.

ಈ ಕಣ್ಣಿಲ್ಲದೆ ನಾನೇ ಒಮ್ಮೆ ಎಡವಿದ್ದನ್ನು ಹೇಳಬೇಕು. ನಾನು ವ್ಯಾಯಾಮ ಶಿಕ್ಷಕನಾಗಿದ್ದವನು. ನಲವತ್ತು ವರ್ಷದ ಕೆಳಗೆ, ಕಳವಾರ ದುರ್ಗದ ನೆರಳಿನಲ್ಲಿದ್ದ ಒಂದು ಶಾಲೆಯಲ್ಲಿ, ಹಾಕಿ ತಂಡ ಕಟ್ಟುವ ಹುಚ್ಚು ಹಿಡಿಯಿತು. ನಮ್ಮ ಕಡೆ ಕಬಡ್ಡಿ ಉಂಟು, ಖೋ ಖೋ ಉಂಟು. ಹಾಕಿ ಎಂದರೆ ಹುಡುಗರು ಕಣ್ಣರಳಿಸುತ್ತಿದ್ದರು. ಎಂಟು ಕೋಲು ಕೊಂಡೆವು. ಉಳಿದವಕ್ಕೆ ಬಾಗಿದ ಕೊಂಬೆ ಕಡಿದೆವು. ಗೋಲ್‌ಕೀಪರನ ಕಾಲಿಗೆ ಗೋಣಿಯಲ್ಲಿ ತೆಂಗಿನ ನಾರು ತುಂಬಿ ಹೊಲಿದ ಕವಚ. ಆ ಕವಚವನ್ನು ಕಟ್ಟಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಬಂದವನು ಒಬ್ಬ ಕುಳ್ಳ ಹುಡುಗ. ಓಟದಲ್ಲಿ ಹಿಂದೆ, ಮಾತಿನಲ್ಲಿ ಇನ್ನೂ ಹಿಂದೆ. ಆದರೆ ಚೆಂಡು ಬರುವ ಮುಂಚೆಯೇ ಅವನು ಅಲ್ಲಿರುತ್ತಿದ್ದ. ಮೂರು ತಿಂಗಳು ದಿನವೂ ಸಂಜೆ ಮೈಯೆಲ್ಲ ಕೆಂಪು ಮಣ್ಣು ಮಾಡಿಕೊಂಡು ಆಡಿದ.

ಮೊದಲ ಪಂದ್ಯಕ್ಕೆ ಪೇಟೆಯ ಶಾಲೆಗೆ ಹೊರಟಾಗ ನನಗೆ ನಾಚಿಕೆಯಾಯಿತೋ ಏನೋ, ಅವನನ್ನು ಬಿಟ್ಟು ಖೋ ಖೋ ತಂಡದ ಎತ್ತರದ ಹುಡುಗನನ್ನು ಗೋಲಿನಲ್ಲಿ ನಿಲ್ಲಿಸಿದೆ. ಓಟಗಾರರನ್ನೆಲ್ಲ ಮುಂದೆ ನಿಲ್ಲಿಸಿದೆ. ಒಂಬತ್ತು ಗೋಲಿನಿಂದ ಸೋತೆವು. ಓಡುವವರೆಲ್ಲ ಚೆಂಡಿನ ಹಿಂದೆ ಒಟ್ಟಿಗೆ ಓಡಿದರು; ತಡೆಯುವವರೇ ಇರಲಿಲ್ಲ. ಮಾರನೆಯ ವಾರ ಆ ಕುಳ್ಳ ಹುಡುಗನನ್ನು ಕರೆದೆ. ಅವನು ತಲೆ ತಗ್ಗಿಸಿ, "ಬ್ಯಾಡಿ ಸಾರ್, ಸಂಜೆ ಹೊತ್ತು ಹುಳಕ್ಕೆ ಸೊಪ್ಪು ಕೊಯ್ಯಬೇಕು" ಎಂದ. ಹಿಂದಿನ ಮೂರು ತಿಂಗಳೂ ಅವರ ಮನೆಯಲ್ಲಿ ಹುಳುವಿತ್ತು, ಸೊಪ್ಪೂ ಇತ್ತು. ಆಗ ಬಂದವನು ಈಗ ಬರಲಿಲ್ಲ. ಅದರ ಅರ್ಥ ನನಗೆ ತಿಳಿಯಿತು. ಆ ವರ್ಷದ ಕೊನೆಗೆ ನಮ್ಮ ತಂಡವೂ ಮುಗಿಯಿತು. ಆಟಗಾರನನ್ನು ಆರಿಸುವವನ ಕೈಯಲ್ಲಿ ಇರುವುದು ಬರೀ ಪಟ್ಟಿಯಲ್ಲ, ಒಂದೊಂದು ಹೆಸರಿನ ಹಿಂದೆ ಒಂದು ಮನಸ್ಸಿದೆ ಎಂಬುದನ್ನು ನಾನು ಕಲಿತದ್ದು ಹೀಗೆ, ತಡವಾಗಿ.

ಹರಾಜಿಲ್ಲದೆ ತಂಡ ಕಟ್ಟುವ ಇನ್ನೊಂದು ದಾರಿ ನಮ್ಮ ನಾಡಿನಲ್ಲೇ ಇದೆ. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬವೊಂದನ್ನು ಆರಂಭಿಸಿದರು. ಆ ವರ್ಷ 60 ಕುಟುಂಬಗಳು ಸೇರಿದವು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360 ಕುಟುಂಬಗಳು ಸೇರಿದವು. ಇಲ್ಲಿ ಆಟಗಾರನನ್ನು ಕೊಳ್ಳುವಂತಿಲ್ಲ. ಮನೆಯಲ್ಲಿ ಹುಟ್ಟಿರಬೇಕು, ಇಲ್ಲವೆ ಮದುವೆಯಾಗಿ ಬಂದಿರಬೇಕು. ತಾತನೂ ಮೊಮ್ಮಗನೂ, ಅತ್ತೆಯೂ ಸೊಸೆಯೂ ಒಂದೇ ತಂಡದಲ್ಲಿ ಆಡುವುದುಂಟು. ಗೋಲ್‌ಕೀಪರ್ ಇಲ್ಲದಿದ್ದರೆ ಮನೆಯಲ್ಲೇ ಒಬ್ಬನನ್ನು ತಯಾರು ಮಾಡಬೇಕು. ಹೊಂದಿಕೆಯ ಕಷ್ಟ ಅಲ್ಲಿಲ್ಲ. ಇರುವವರಲ್ಲೇ ಗೆಲ್ಲುವ ಕಷ್ಟ ಮಾತ್ರ.

ಇಂಥ ಬೇರಿನಿಂದಲೇ ಎಂ. ಪಿ. ಗಣೇಶ್ ಬಂದರು, 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ಭಾರತದ ನಾಯಕರು. ಬಿ. ಪಿ. ಗೋವಿಂದ ಬಂದರು, 1975ರಲ್ಲಿ ವಿಶ್ವಕಪ್ ಗೆದ್ದ ತಂಡದವರು. ಎಂ. ಎಂ. ಸೋಮಯ್ಯ ಬಂದರು; 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದವರು. ಬೆಂಗಳೂರಿನ ಸೇನಾ ಕೇಂದ್ರಗಳೂ ಕಾರ್ಖಾನೆಗಳೂ ಕೆಲಸ ಕೊಟ್ಟು ಆಟಗಾರರನ್ನು ಸಾಕಿದವು. 2016ರ ರಿಯೋ ಒಲಿಂಪಿಕ್ಸಿಗೆ ಹೋದ ಭಾರತ ತಂಡದ ಹದಿನಾರು ಜನರಲ್ಲಿ ರಘುನಾಥ್, ಸುನೀಲ್, ಎಸ್. ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ, ಹೀಗೆ ನಾಲ್ವರು ಕೊಡಗಿನವರೇ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತ 41 ವರ್ಷಗಳ ಬಳಿಕ ಪದಕ ಗೆದ್ದಿತು. 2024ರಲ್ಲಿ ಪ್ಯಾರಿಸಿನಲ್ಲಿ ಮತ್ತೆ ಗೆದ್ದಿತು. ಆ ಎರಡು ತಂಡಗಳಲ್ಲಿ ಕರ್ನಾಟಕದ ಪುರುಷ ಆಟಗಾರ ಒಬ್ಬನೂ ಇರಲಿಲ್ಲ. ನಾಲ್ಕಿದ್ದದ್ದು ಐದು ವರ್ಷದಲ್ಲಿ ಸೊನ್ನೆಯಾಯಿತು.

ಏಕೆ ಹೀಗೆ? ಒಂದೇ ಕಾರಣ ಹೇಳುವುದು ಸುಲಭ, ಸರಿಯಲ್ಲ. ಆದರೂ ಒಂದನ್ನು ಹೇಳಬಹುದು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ದೊಡ್ಡ ಹಾಕಿ ಹುಲ್ಲಿನಿಂದ ಕೃತಕ ಹಾಸಿಗೆ ಹೋಯಿತು. ಹುಲ್ಲಿನ ಮೇಲೆ ಕಲಿತ ಕೈಗೂ ಹಾಸಿನ ಮೇಲೆ ಕಲಿತ ಕೈಗೂ ವ್ಯತ್ಯಾಸವುಂಟು. ಚೆಂಡಿನ ವೇಗ ಬೇರೆ, ಪುಟಿತ ಬೇರೆ. ಡ್ರ್ಯಾಗ್ ಫ್ಲಿಕ್ಕನ್ನು ಉಬ್ಬುತಗ್ಗಿನ ಮೈದಾನದಲ್ಲಿ ಕಲಿಯುವುದು ಆಗದ ಮಾತು. ಒಡಿಶಾದವರು ಇದನ್ನು ಅರಿತರು. ಸುಂದರಗಢದಂಥ ಜಿಲ್ಲೆಯಲ್ಲಿ ಮೊದಲಿಂದ ಇದ್ದ ಆಟದ ಪ್ರೀತಿಗೆ ಹಾಸ್ಟೆಲು, ಹಾಸು, ತರಬೇತಿಗಳನ್ನು ಜೋಡಿಸಿದರು. 2018ರಿಂದ ಭಾರತ ತಂಡದ ಪ್ರಾಯೋಜಕತ್ವವನ್ನೇ ಆ ಸರ್ಕಾರ ವಹಿಸಿಕೊಂಡಿತು. 2023ರ ವಿಶ್ವಕಪ್ಪಿಗೆ ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣವನ್ನು ಕಟ್ಟಿತು. ಆಟವಾಡುವ ಜನ, ಆಡಲು ಹಾಸು, ಕಲಿಸುವ ಗುರು, ಹೊಟ್ಟೆಗೆ ಅನ್ನ ಈ ನಾಲ್ಕೂ ಒಂದೆಡೆ ಸೇರಿದ ಕಡೆ ಆಟಗಾರ ಹುಟ್ಟುತ್ತಾನೆ. ಯಾವುದಾದರೊಂದು ತಪ್ಪಿದರೆ ಉಳಿದ ಮೂರು ಕೆಲಸಕ್ಕೆ ಬರುವುದಿಲ್ಲ.

ನಾಳೆ ಯಾರಾದರೂ ಧನಿಕರು ಮುಂದೆ ಬಂದು ಕರ್ನಾಟಕದ ಹೆಸರಿನಲ್ಲಿ ಒಂದು ತಂಡವನ್ನು ನಿಲ್ಲಿಸಿದರು ಎನ್ನೋಣ. ಬರಲಿ, ನಾನೂ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತೇನೆ. ಆದರೆ ಇಪ್ಪತ್ತನಾಲ್ಕು ಜನರಲ್ಲಿ ಇಪ್ಪತ್ತು ಜನ ಹೊರಗಿನವರಾದರೆ ಅದು ಕರ್ನಾಟಕದ ಹೆಸರು ಹೊತ್ತ ಬಂಡಿ ಮಾತ್ರ; ಎತ್ತು ಬೇರೆಯವರದು. ಅವರು ಮೊದಲು ಯೋಚಿಸಬೇಕಾದದ್ದು ಆ ನಾಲ್ವರು ಕಿರಿಯರ ವಿಷಯವನ್ನು. ನಿಯಮವಿದೆಯೆಂದು ಆ ನಾಲ್ಕು ಜಾಗವನ್ನು ಹೇಗೋ ತುಂಬುವುದಲ್ಲ. ಆ ನಾಲ್ವರು ಪೊನ್ನಂಪೇಟೆಯವರೋ, ಹುಬ್ಬಳ್ಳಿಯವರೋ, ಬೆಂಗಳೂರಿನವರೋ, ಚಿಂತಾಮಣಿ ಗೌರಿಬಿದನೂರಿನವರೋ ಆಗಿ, ದೊಡ್ಡ ಆಟಗಾರರ ಪಕ್ಕದಲ್ಲಿ ಓಡಿ ಕಲಿಯುವಂತಾಗಬೇಕು. ಅವರ ಹಿಂದೆ ಇನ್ನೂ ನಲವತ್ತು ಜನ ಕಾಯುತ್ತಿರಬೇಕು. ಲೀಗುಗಳು ಬರುತ್ತವೆ, ಹೋಗುತ್ತವೆ. 2008ರಲ್ಲಿ ಒಂದು ಹೋಯಿತು, 2012ರಲ್ಲಿ ಒಂದು ಹೋಯಿತು, 2017ರಲ್ಲಿ ಒಂದು ಮಲಗಿತು. ಲೀಗು ಹೋದ ಮೇಲೂ ಉಳಿಯುವುದು ಕಲಿತ ಹುಡುಗ, ಹಾಸಿದ ಮೈದಾನ.

ಈಚೆಗೆ ಆ ರೈತರು ಮತ್ತೆ ಸಿಕ್ಕಿದರು. "ಆಳನ್ನ ಹೆಂಗೆ ಅದುಮಿ ನೋಡ್ತಾರೆ ಅಂದಿದ್ದಿರಲ್ಲ" ಎಂದು ಶುರುಮಾಡಿ ಇಷ್ಟನ್ನೂ ಅವರಿಗೆ ಹೇಳಿದೆ. ಸಾವಧಾನವಾಗಿ ಕೇಳಿದರು. ಆಮೇಲೆ ಅಂದರು: "ಮೇಷ್ಟ್ರೇ, ಗೂಡಿನ ಬೆಲೆ ಮಾರ್ಕೆಟ್‌ನಾಗೆ ಗೊತ್ತಾಗೋದು. ಆದ್ರೆ ಗೂಡು ಕೆಟ್ಟಿದ್ರೆ ಕೆಟ್ಟಿರೋದು ಚಾಕಿ ಕಟ್ಟೋವಾಗ್ಲೇ."

ಚಾಕಿ ಎಂದರೆ ಹುಳುವಿನ ಎಳೆಯ ಹಂತ. ಮೊಟ್ಟೆಯೊಡೆದು ಬಂದ ಮೇಲಿನ ಮೊದಲ ಕೆಲವು ದಿನ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಬಿಸಿಲು ತಾಗದಂತೆ, ತಣ್ಣನೆ ಗಾಳಿ ತಾಗದಂತೆ ನೋಡಿಕೊಳ್ಳಬೇಕು. ಅಲ್ಲಿ ತಪ್ಪಿದರೆ ಆಮೇಲೆ ಎಷ್ಟು ಸೊಪ್ಪು ಸುರಿದರೂ ಗೂಡು ಗಟ್ಟಿಯಾಗುವುದಿಲ್ಲ. ತಂಡ ಕಟ್ಟುವವರು ಹರಾಜಿನ ಮನೆಗೆ ಹೋಗುವ ಮುಂಚೆ ನಮ್ಮೂರಿನ ಒಂದು ಚಾಕಿ ಮನೆಗೆ ಬಂದು ಹೋದರೆ ನಷ್ಟವೇನೂ ಇಲ್ಲ.